ತಮ್ಮನ ನಾಲ್ಕನೇ ಹಾಡು

ಮಂಗಳವಾರ, ಹದಿನಾಲ್ಕು.

ಹೋದ ವರ್ಷ ತಮ್ಮ ಹಾಡಿ ನೆಟ್ಟಲ್ಲಿ ಹಾಕಿದ ರ್‍ಯಾಪ್ ಹಾಡುಗಳ ಮಿಕ್ಸ್‌ಟೇಪನ್ನ ಒಂದು ನರಪಿಳ್ಳೆನೂ ಕೇಳಿರಲಿಲ್ಲ. ಅವನು ಕೊರಗ್ತಿದ್ದ, ನಾನು ಒಳಗೊಳಗೇ ದೇವರಿಗೆ ಕೈ ಮುಗೀತಿದ್ದೆ. ನಾನು ದುಡಿಯೋ ಲಾಂಡ್ರಿಯಲ್ಲಿ ಹಿಂಬಾಗಿಲಿಗೆ ಬೀಗ ಜಡಿದು ಕೆಲಸ ಮಾಡಿಸ್ತಾರೆ ಅಂತ ನಾಲ್ಕನೇ ಹಾಡಲ್ಲಿದೆ. ಅವನಿಗೆ ಹೇಳಿದ್ದು ನಾನೇ.

ಇವತ್ತು ಊಟದ ಹೊತ್ತಲ್ಲಿ ಇಸ್ತ್ರಿಯಣ್ಣ, "ಯಾರೂ ಕೇಳದೆ ಬಿದ್ದಿರೋ ಬಂಗಾರ ಕಣ್ರೋ" ಅಂತ ಆ ನಾಲ್ಕನೇ ಹಾಡನ್ನೇ ಸ್ಪೀಕರಿಗೆ ಹಾಕಿದ. ಹಾಡಿದ್ದು ನನ್ನ ತಮ್ಮ ಅಂತ ಪಾಪ ಅವನಿಗೆ ಗೊತ್ತಿಲ್ಲ. ಎಲ್ಲರೂ ತಲೆದೂಗಿದ್ರು. ನಮ್ಮ ಕೆಲಸ ನೋಡ್ಕೊಳ್ಳೋ ಮೇಸ್ತ್ರಿ ಮಾತ್ರ ತಟ್ಟೆ ಕೆಳಗಿಟ್ಟು, "ಇನ್ನೊಂದ್ಸಲ ಹಾಕಪ್ಪಾ" ಅಂದ. ಎರಡನೇ ಸಲ ಅವನು ಹಾಡು ಕೇಳಲಿಲ್ಲ, ನಮ್ಮ ಮುಖಗಳನ್ನ ನೋಡ್ತಾ ಕೂತಿದ್ದ.

ಸಂಜೆ ತಮ್ಮ ಕುಣೀತಾ ಬಂದ. "ಅಕ್ಕಾ, ಒಂದೇ ದಿನಕ್ಕೆ ನಲವತ್ತು ಸಲ ಕೇಳಿದಾರೆ ಕಣೇ!"

ಅದರಲ್ಲಿ ಮೇಸ್ತ್ರಿ ಎಷ್ಟು ಸಲವೋ. "ಒಳ್ಳೇದಾಯ್ತು ಕಣೋ" ಅಂದೆ. ನಾಳೆ ಮೇಸ್ತ್ರಿ ನನ್ನನ್ನೇ ಕರೆದು, ಬೀಗದ ವಿಷಯ ಹೊರಗೆ ಹೇಳಿದ್ದು ಯಾರು ಅಂತ ಕೇಳಿದ್ರೆ ನಾನು ಏನಂತ ಹೇಳ್ಲಿ?