ಕಿಟಕಿಯಲ್ಲಿ ಬಿಳಿ ರಜಾಯಿ

ಲಿಂಡೆನ್‌ಬಾಖ್, ಪೂರ್ವ ಜರ್ಮನಿ
12 ಅಕ್ಟೋಬರ್ 1967

ಪ್ರೀತಿಯ ತಮ್ಮ ಎಕಾರ್ಟ್,

ನಿನ್ನ ಸೊಂಟನೋವು ಹೇಗಿದೆ? ಹೆಂಡತಿ, ಮಕ್ಕಳು ಕ್ಷೇಮವೇ? ನಿನ್ನ ಕಾಗದ ಹನ್ನೊಂದು ದಿನ ತೆಗೆದುಕೊಂಡಿತು. ಯಾರೋ ಒಡೆದು ಓದಿ ಮತ್ತೆ ಅಂಟಿಸಬೇಕಲ್ಲ. ಈ ಸಲ ಗೋಂದು ಧಾರಾಳವಾಗಿತ್ತು. ಇದನ್ನು ಮಾತ್ರ ಅಂಚೆಗೆ ಹಾಕದೆ, ಆಚೆಗೆ ಬರುವ ನಂಬಿಕಸ್ಥೆ ಮುದುಕಿಯೊಬ್ಬಳ ಕೈಯಲ್ಲಿ ಕಳಿಸುತ್ತಿದ್ದೇನೆ. ಕಾಫಿಪುಡಿ ತಲುಪಿತು. ಅಮ್ಮನಿಗೆಂದು ಕಳಿಸಿದ ಉಣ್ಣೆಯ ಕಾಲುಚೀಲ ನಾನು ಹಾಕಿಕೊಂಡಿದ್ದೇನೆ, ಬೆಚ್ಚಗಿದೆ. ಸೆಪ್ಟೆಂಬರ್ ಹದಿನಾರರಂದು ನಮ್ಮ ಬೀದಿಯಲ್ಲಿ ಶವಪೆಟ್ಟಿಗೆ ಹೋದದ್ದನ್ನು ಕಂಡೆನೆಂದೂ, ಸತ್ತದ್ದು ನೆರೆಯ ಹ್ಯೂಬ್ನರ್ ಅಜ್ಜಿಯೇ ಇರಬೇಕೆಂದೂ ಬರೆದಿದ್ದೀಯ. ಅದಕ್ಕೆ ಕೊನೆಯಲ್ಲಿ ಉತ್ತರಿಸುತ್ತೇನೆ.

ಆಲೂಗಡ್ಡೆ ಕೀಳುವುದು ಮುಗಿಯಿತು. ನೀನು ಹತ್ತುತ್ತಿದ್ದ ಪೇರುಮರವನ್ನು ಕಾವಲಿನವರು ಕಡಿಸಿದರು. ಬೇಲಿ ಕಾಣಲು ಅಡ್ಡವಂತೆ. ಹತ್ತು ವರ್ಷದ ಹಿಂದೆ ನೀನು ಗಡಿಯ ತೊರೆ ದಾಟಿ ಪಶ್ಚಿಮಕ್ಕೆ ಹೋದ ಮೇಲೆ ನಮ್ಮ ಮೇಲೂ ಅವರ ಕಣ್ಣಿದೆ. ಪಕ್ಕದ ಮನೆಯಾಕೆ ಆಚೆಗಿದ್ದ ಮಗಳಿಗೆ ಕರವಸ್ತ್ರ ಬೀಸಿದ್ದಕ್ಕೆ ಬೆಳಗಾಗುವಷ್ಟರಲ್ಲಿ ಲಾರಿ ಬಂತು. ಆ ಸಂಸಾರವನ್ನು ಎಲ್ಲಿಗೆ ಸಾಗಿಸಿದರೋ ಇಂದಿಗೂ ತಿಳಿಯದು. ಆಗ ಅಮ್ಮ ಅಂದದ್ದು ನೆನಪಿದೆ: “ಕೈ ಬೀಸೋದಕ್ಕೆ ತಾನೆ ಅಡ್ಡಿ? ಹಾಸಿಗೆ ಬಿಸಿಲಿಗೆ ಹಾಕೋಕೂ ಇವ್ರ ಅಪ್ಪಣೆ ಬೇಕಾ?” ಅವಳ ಆ ಉಪಾಯವನ್ನು ನಿನಗೆ ಗುಟ್ಟಾಗಿ ಮುಟ್ಟಿಸಿದವಳು ನಾನು. ಅಂದಿನಿಂದ ಶನಿವಾರ ಹತ್ತು ಗಂಟೆಗೆ ಅವಳ ಕಿಟಕಿಯಲ್ಲಿ ಬಿಳಿ ರಜಾಯಿ ಇದ್ದರೆ ಅಮ್ಮ ಸೌಖ್ಯ ಎಂದರ್ಥ. ನೀನು ಬೇಲಿಯಾಚೆ ಗಡಿ ನೋಡಲು ಕಟ್ಟಿದ ಅಟ್ಟಣಿಗೆ ಹತ್ತಿ ಕೈ ಬೀಸುತ್ತಿದ್ದೆ. ಅವಳು ಪರದೆಯ ಹಿಂದಿನಿಂದ, “ನೋಡೇ, ದಪ್ಪ ಆಗಿದಾನೆ” ಎಂದು ಹಿಗ್ಗುತ್ತಿದ್ದಳು. ಅವಳ ಕೈ ಸೋತ ಮೇಲೆ ಆ ರಜಾಯಿ ಎತ್ತಿದವಳೂ, ಅವಳು ಒದ್ದೆ ಮಾಡಿದ ಬಟ್ಟೆ ಒಗೆದವಳೂ ನಾನೇ. ನೀನು ಪ್ರತಿ ಕಾಗದದಲ್ಲೂ ಅಮ್ಮನನ್ನು ಕೇಳಿದೆ, ಪೇರುಮರವನ್ನು ಕೇಳಿದೆ, ಬೆಕ್ಕನ್ನೂ ಕೇಳಿದೆ. ನನ್ನನ್ನು ಒಮ್ಮೆಯೂ ಕೇಳಲಿಲ್ಲ. ಅದು ನನಗೆ ತುಂಬಾ ನೋವು ಕೊಟ್ಟಿದೆ.

ಚಳಿಗಾಲ ಬಂತು, ಸೊಂಟಕ್ಕೆ ಶಾಖ ಕೊಟ್ಟುಕೋ. ಮಕ್ಕಳಿಗೆ ಅತ್ತೆಯ ಮುತ್ತು. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ,
ಗೆರ್ಲಿಂಡ್

ಮರೆತ ಮಾತು: ಹ್ಯೂಬ್ನರ್ ಅಜ್ಜಿ ಗುಂಡುಕಲ್ಲಿನ ಹಾಗಿದ್ದಾಳೆ. ಅಂದು ಹೋದದ್ದು ಅಮ್ಮ. ಮಣ್ಣು ಮಾಡುವ ದಿನ ಊರಿನ ಪದ್ಧತಿಯಂತೆ ಸತ್ತವರ ರಜಾಯಿಯನ್ನು ಕಿಟಕಿಗೆ ಹಾಕಬೇಕಲ್ಲ, ಹಾಕಿದೆ. ಅದು ಶನಿವಾರ ಎಂಬುದು ಪೆಟ್ಟಿಗೆಯ ಹಿಂದೆ ನಡೆಯುವಾಗ ಹೊಳೆಯಿತು. ನಾನು ಕರಿ ಮುಸುಕು ಹಾಕಿದ್ದೆ, ನಿನಗೆ ಗುರುತು ಸಿಗಲಿಲ್ಲ. ನೀನು ಟೋಪಿ ತೆಗೆದೆ, ಮತ್ತೆ ಹಾಕಿಕೊಂಡೆ, ಕಿಟಕಿಯತ್ತ ನಗುತ್ತಾ ಕೈ ಬೀಸಿದೆ. ಪಕ್ಕದಲ್ಲೇ ಕಾವಲಿನವನಿದ್ದ, ಕೂಗಲಾಗಲಿಲ್ಲ. ಮರುದಿನ ತಂತಿ ಕೊಡಬಹುದಿತ್ತು; ಕೊಡಲಿಲ್ಲ. ಆಮೇಲಿನ ಮೂರು ಶನಿವಾರ ರಜಾಯಿ ಹಾಕಿದ್ದು ಬೇಕೆಂದೇ. ಪರದೆಯ ಹಿಂದೆ ನಾನೊಬ್ಬಳೇ ಇದ್ದೆ. ಹತ್ತು ವರ್ಷದಲ್ಲಿ ಮೊದಲ ಸಲ ನೀನು ನನಗೆ ಕೈ ಬೀಸಿದೆ.