ಮಲಪ್ರಭೆಯಲ್ಲಿ ನನ್ನ ಗಾಳ

೧೨ ನವೆಂಬರ್ ೨೦೦೦, ರವಿವಾರ

ಬೀರೇಶನ ನಗು ಇನ್ನೂ ಕಿವಿಯಲ್ಲಿದೆ. ನಗಲಿ.

ನಮ್ಮವರು ತೀರಿಹೋದ ಮೇಲೆ, ಸೈನ್ಯದ ಸಾಹೇಬರೊಬ್ಬರು ಅವರಿಗೆ ಕೊಟ್ಟಿದ್ದ ಗಾಳದ ಕೋಲು ತನಗೇ ಸೇರಬೇಕೆಂದು ಈ ಮೈದುನನ ಹಟ. ಕೊಡುವುದಿಲ್ಲ, ನಾನೇ ಕಲಿಯುತ್ತೇನೆ ಎಂದು ಬೆಳಿಗ್ಗೆ ಖಾನಾಪುರದ ಬಸ್ಸು ಹತ್ತಿದೆ. ಅವನೂ ಮಲಪ್ರಭೆಯ ದಂಡೆಯವರೆಗೆ ಬೆನ್ನಿಗೇ ಬಂದ.

ಇದು ಎರೆಹುಳು ಬೇಡದ ಗಾಳ. ಕೊಕ್ಕೆಗೆ ಕೋಳಿಯ ಗರಿ ಸುತ್ತಿ ನೊಣದಂತೆ ಮಾಡಿರುತ್ತಾರೆ; ಅದನ್ನು ನೀರಿನ ಮೇಲೆ ಹಗುರಾಗಿ ಇಳಿಸಬೇಕು. ನಮ್ಮವರು ಬೀಸುವುದನ್ನು ದಂಡೆಯಲ್ಲಿ ಕುಳಿತು ಎಷ್ಟು ಸಲ ನೋಡಿದ್ದೆ! ನಾನು ಬೀಸಿದರೆ ಮೊದಲು ಜಾಲಿಗಿಡಕ್ಕೆ ಸಿಕ್ಕಿತು, ಆಮೇಲೆ ನನ್ನದೇ ಸೆರಗಿಗೆ. ಬೀರೇಶ ಹೊಟ್ಟೆ ಹಿಡಿದುಕೊಂಡು ನಕ್ಕ.

“ವೈನಿ, ಮಂದಿ ನೋಡಾಕತ್ತಾರ. ಇಲ್ಲಿ ಕೊಡ್ರಿ.”

“ನೋಡ್ಲಿ ಬಿಡು. ನೀ ಬಾಜೂಕ ಸರಿ, ಕೊಕ್ಕಿ ತಾಗೀತು.”

ಸೆರಗು ಬಿಗಿದು ಮತ್ತೆ ಬೀಸಿದೆ. ಮತ್ತೆ, ಮತ್ತೆ. ಬಿಸಿಲು ಇಳಿಯುವ ಹೊತ್ತಿಗೆ ದಾರ ನೆಟ್ಟಗೆ ಚಾಚಿ, ಗರಿ ಸದ್ದಿಲ್ಲದೆ ನೀರಿಗಿಳಿಯಿತು. ಕೋಲು ಬಾಗಿತು. ಗೇಣುದ್ದದ ಮೀನು! ಅದು ಜಗ್ಗಿದಾಗ ದಾರ ಸಡಿಲಿಸಿ, ಮತ್ತೆ ಸೆಳೆದು ದಂಡೆಗೆ ತಂದೆ. ಕೊಕ್ಕೆ ಬಿಡಿಸಿ ನೀರಿಗೇ ಬಿಟ್ಟೆ.

“ಅರೆ, ಬಿಟ್ರಿ? ಮನ್ಯಾಗ ಯಾರು ನಂಬ್ತಾರ?” ಎಂದ ಬೀರೇಶ.

“ನಂಬಸಾಕಂತ ಹಿಡೀಲಿಲ್ಲೋ.”

ಬಸ್ಸಿನಲ್ಲಿ ನಮ್ಮ ಮನೆಯಿರುವ ಮಹಾಂತೇಶ ನಗರದವರೆಗೂ ಕೋಲು ನನ್ನ ತೊಡೆಯ ಮೇಲೇ ಇತ್ತು. ಅವನು ಮತ್ತೆ ಕೇಳಲಿಲ್ಲ.

ಭುಜ ಸಿಡಿಯುತ್ತಿದೆ, ಪೆನ್ನು ನಿಲ್ಲುತ್ತಿಲ್ಲ. ನಾಳೆ ಅತ್ತೆ ಏನಾದರೂ ಅನ್ನುತ್ತಾರೆ. ಅನ್ನಲಿ, ನಾನು ಮಾತ್ರ ಮುಂದಿನ ರವಿವಾರವೂ ಈ ಕೋಲು ಹಿಡಿದು ಹೊಳೆಗೆ ಹೋಗುತ್ತೇನೆ.