ಹದಿನೇಳನೆಯ ಗಂಟಲು

ಅಕ್ಕಾ,

ಅಮ್ಮ ದೇಹದಾನ ಮಾಡಿದ ವಿಶ್ವವಿದ್ಯಾಲಯಕ್ಕೇ, ನೀನು ಬೇಡವೆಂದರೂ, ಕೆಲಸಕ್ಕೆ ಬಂದಿದ್ದೇನೆ. ಇಲ್ಲಿ ವೈದ್ಯರು ದಾನಿಗಳ ಗಂಟಲಿನ ಅಳತೆ ಕೊಡುತ್ತಾರೆ, ಎಂಜಿನಿಯರುಗಳು ಅದನ್ನು ರಬ್ಬರಿನಲ್ಲಿ ಮಾಡಿ ಗಾಳಿ ಊದಿಸುತ್ತಾರೆ. ಹೊರಡುವುದು ಯಾವ ಸ್ವರವೆಂದು ಭಾಷೆ ಓದಿದ ನಾನು ಬರೆದುಕೊಳ್ಳಬೇಕು. ಗಂಟಲುಗಳಿಗೆ ಹೆಸರಿಲ್ಲ, ಬರೀ ಸಂಖ್ಯೆ.

ಇವತ್ತು ಎಂದಿನಂತೆ ಎಲ್ಲರೂ ದಾನಿಗಳಿಗೆ ತಲೆಬಾಗಿ ಒಂದು ನಿಮಿಷ ಮೌನವಾಗಿ ನಿಂತೆವು. ಆಮೇಲೆ ಎಂಜಿನಿಯರ್ ಕುರಾಮೋಚಿ ಹದಿನೇಳನೆಯದಕ್ಕೆ ಗಾಳಿ ಬಿಟ್ಟರು. ಅಮ್ಮ ಸಂಜೆ ದೋಣಿಕಟ್ಟೆಯಿಂದ ನಮ್ಮನ್ನು ಊಟಕ್ಕೆ ಕರೆಯುತ್ತಿದ್ದ ಅದೇ "ಓ..." ಕೇಳಿಸಿತು. ನನಗರಿವಿಲ್ಲದೆ "ಬಂದೆ ಕಣಮ್ಮ" ಎಂದುಬಿಟ್ಟೆ.

"ರಬ್ಬರಿಗೆ ಯಾರಾದ್ರೂ ಓಗೊಡ್ತಾರೇನ್ರೀ" ಎಂದು ಕುರಾಮೋಚಿ ನಕ್ಕರು. ಜೊತೆಗಿದ್ದ ವೈದ್ಯೆ ನಗಲಿಲ್ಲ. ಸಂಖ್ಯೆಯ ಚೀಟಿಯನ್ನು ಮೆಲ್ಲಗೆ ಮಗುಚಿಟ್ಟು, "ಇವರು ಯಾರು ಅಂತ ಹೇಳೋ ಹಾಗಿಲ್ಲ" ಎಂದರು.

"ನಾನು ಕೇಳೇ ಇಲ್ವಲ್ಲ" ಎಂದೆ.

ನನ್ನ ಕೆಮ್ಮು ಕಡಿಮೆಯಾಗಿದೆ. ನೀನು ಕಳಿಸಿದ ಪ್ಲಮ್ ಉಪ್ಪಿನಕಾಯಿ ಮುಗಿಯಿತು. ಇಲ್ಲಿಯ ಕೆಲಸ ಮುಗಿಸಿ, ದಹನ ಮಾಡಿ, ಅಮ್ಮನ ಮೂಳೆ ಮನೆಗೆ ಬರುವುದು ವಸಂತಕ್ಕಂತೆ. ಅಲ್ಲಿಯವರೆಗೂ ಪಟದ ಮುಂದೆ ದಿನಾ ಅನ್ನ ಇಡು.

ನಾಳೆ ಮತ್ತೆ ಊದಿಸುತ್ತಾರೆ. ಈ ಸಲ ನಾನು ಓಗೊಡಬಾರದಂತೆ, ಧ್ವನಿಮುದ್ರಣ ಕೆಡುತ್ತದಂತೆ.

ಸುಜು